ಮಳೆಗಾಲಕ್ಕೆ ಮದ್ದಿನ ಡಬ್ಬಿ: ರೆಡಿಮೇಡೋ, ನಾವೇ ಕಟ್ಟಿದ್ದೋ?

ನಮ್ಮ ಮನೆಯ ಮದ್ದಿನ ಡಬ್ಬಿಯಲ್ಲಿ ಒಟ್ಟು 72 ಸಾಮಾನು ಇದ್ದವು. ಡಬ್ಬಿಯ ಮೇಲೇ ಹಾಗೆ ಅಚ್ಚು ಹಾಕಿತ್ತು. ಎರಡು ವರ್ಷದ ಹಿಂದೆ ಜುಲೈಯ ಒಂದು ಸಂಜೆ ಅಪ್ಪ ಬೊಂಡ (ಎಳನೀರು) ಕೆತ್ತುವಾಗ ಕತ್ತಿ ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ನಾನು ಓಡಿ ಹೋಗಿ ಡಬ್ಬಿ ಬಿಚ್ಚಿದೆ. 72ರಲ್ಲಿ 50 ಬೆರಳಿಗೆ ಅಂಟಿಸುವ ಪ್ಲಾಸ್ಟರ್ ಪಟ್ಟಿಗಳು. ಥಂಡಿಗೆ ಅಂಟು ಬಿಟ್ಟು ಒಂದೊಂದೇ ಉದುರಿದವು. ಕತ್ತರಿಗೆ ತುಕ್ಕು. ಗಾಜ್ ಬಟ್ಟೆ ಎರಡೇ ಎರಡು, ಅದೂ ಅಂಗೈ ಅಗಲ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅಡಿಗೆಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ಬೈರಾಸು (ಟವೆಲ್). ಅಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ, ಗಾಯದ ಮೇಲಿಟ್ಟು, ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತರು. ನಮ್ಮದು ಹೆಬ್ರಿಯಿಂದ ಒಳಗೆ, ಘಾಟಿಯ ಬುಡದ ಊರು. ದಾರಿಗೆ ಮರ ಬಿದ್ದಿತ್ತು. ಆಸ್ಪತ್ರೆ ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. 11 ಹೊಲಿಗೆ ಬಿತ್ತು.

ಆ ಕಥೆ ಗೊತ್ತಿರುವ ಮೂರು ಮಂದಿ ಈ ಸಲ ಆಟಿಗೆ (ತುಳುನಾಡಿನ ಆಷಾಢಕ್ಕೆ) ಮೊದಲೇ ನನ್ನನ್ನು ಕೇಳಿದರು. ಮಂಗಳೂರಿನ ಕದ್ರಿಯಲ್ಲಿ ಫ್ಲಾಟಿನಲ್ಲಿರುವ ನನ್ನ ಅತ್ತಿಗೆ. ಸೋಮೇಶ್ವರದ ಹತ್ತಿರ ಹೋಮ್‌ಸ್ಟೇ ನಡೆಸುವ ಗೆಳೆಯ. ಮತ್ತೆ ಮಲ್ಪೆಯ ಒಂದು ಮೀನುಗಾರಿಕೆ ಬೋಟಿನ ತಾಂಡೇಲ (ಬೋಟು ನಡೆಸುವ ಮುಖ್ಯಸ್ಥ), ನಮ್ಮ ಭಾವನ ಪರಿಚಯದವರು. ಮೂವರದ್ದೂ ಒಂದೇ ಪ್ರಶ್ನೆ: "ಯಾವ ಡಬ್ಬಿ ತಗೊಳ್ಳುದು ಮಾರಾಯ್ರೆ?" ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ನೋಡಬೇಕಾದ್ದು

ಮೊದಲನೆಯದು ಹೊತ್ತು. ಆಸ್ಪತ್ರೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಬೇಡಿ. ಜುಲೈ ತಿಂಗಳ ರಾತ್ರಿ 11 ಗಂಟೆಗೆ, ಕರೆಂಟಿಲ್ಲದಾಗ, ಹೊಳೆ ತುಂಬಿರುವಾಗ ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. 15 ನಿಮಿಷವೋ, ಎರಡು ಗಂಟೆಯೋ, ಒಂದು ದಿನವೋ? ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ದಾಟಿ ರಸ್ತೆಗೆ ಬರಬೇಕಾದ ಮನೆಗಳು ನಮ್ಮ ಕಡೆ ಇನ್ನೂ ಉಂಟು. ಅವರ ಲೆಕ್ಕವೇ ಬೇರೆ. 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಸಿಗುವುದು ಮನೆಯ ಯಾವ ಮೂಲೆಯಲ್ಲಿ, ಇಲ್ಲ ಗುಡ್ಡೆಯ ಯಾವ ತಿರುವಿನಲ್ಲಿ ಅಂತಲೂ ಗೊತ್ತಿರಲಿ.

ಎರಡನೆಯದು, ನಿಮ್ಮ ಮನೆಯಲ್ಲಿ ನಿಜಕ್ಕೂ ಆಗುವ ಗಾಯ ಯಾವುದು. ನಾನು ಸುಮ್ನೆ ಕೂತು ನಮ್ಮ ಮನೆಯ ಹತ್ತು ವರ್ಷದ ಪಟ್ಟಿ ಬರೆದೆ. ಕತ್ತಿ, ಮೆಟ್ಟುಕತ್ತಿಯ ಗಾಯ ನಾಲ್ಕು. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದದ್ದು ಮೂರು, ಅದರಲ್ಲಿ ಒಂದು ಮಣಿಕಟ್ಟು ಮುರಿತ. ಬಚ್ಚಲ ಹಂಡೆಯ ಬಿಸಿನೀರು ಒಂದು. ನಾಯಿ ಕಚ್ಚಿದ್ದು ಒಂದು. ಹಾವು ಕಚ್ಚಿದ್ದು ಇಲ್ಲ, ಆದರೆ ಹೆದರಿಕೆ ಪ್ರತಿ ವರ್ಷ ಉಂಟು. ಈ ಪಟ್ಟಿ ಕೈಯಲ್ಲಿದ್ದರೆ ಅಂಗಡಿಯವ ಏನು ಹೇಳಿದರೂ ಮೋಸ ಹೋಗುವುದಿಲ್ಲ.

ಮೂರನೆಯದು, ಡಬ್ಬಿ ಬಿಚ್ಚುವವರು ಯಾರು? ಹಗಲು ಹೊತ್ತಿನಲ್ಲಿ ನಮ್ಮಲ್ಲಿ ಮನೆಯಲ್ಲಿರುವುದು ಅಮ್ಮ ಒಬ್ಬರೇ. ಇಂಗ್ಲಿಷಿನಲ್ಲಿ ಹೆಸರು ಬರೆದ ಪೊಟ್ಟಣ ಅವರಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಮೇಲೆ ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಟು, ಹತ್ತಿ, ಗುಳಿಗೆ, ಕಬ್ಬಿಣ ಯಾವುದೂ ತಾಳುವುದಿಲ್ಲ. ದುಡ್ಡಿನ ಮಾತು ಕೊನೆಗೆ. ಯಾಕೆಂದರೆ ಇಲ್ಲಿ ದುಬಾರಿಯದ್ದೇ ಒಳ್ಳೆಯದು ಅಂತ ಏನೂ ಇಲ್ಲ.

ಮೆಡಿಕಲ್ಲಿನ ರೆಡಿಮೇಡ್ ಡಬ್ಬಿ

ಇದರ ದೊಡ್ಡ ಗುಣ ಅಂದರೆ ಇವತ್ತೇ ಸಿಗುತ್ತದೆ. ಹೋಗಿ ತಂದು ಗೋಡೆಗೆ ಮೊಳೆ ಹೊಡೆದು ನೇತುಹಾಕಬಹುದು. ಐದಾರು ನೂರಕ್ಕೆ ಒಂದು ಸುಮಾರಾದದ್ದು ಬರುತ್ತದೆ.

ಆದರೆ ಸಾಮಾನಿನ ಲೆಕ್ಕ ನೋಡಿ ಕೊಳ್ಳಬೇಡಿ. ಲೆಕ್ಕ ಜಾಸ್ತಿ ಮಾಡಲು ಸುಲಭದ ದಾರಿ ಪ್ಲಾಸ್ಟರ್ ಪಟ್ಟಿ ತುಂಬಿಸುವುದು. ಪಟ್ಟಿ ಹಾಕಿದರೆ ಗುಣವಾಗುವ ಗಾಯ, ಹಾಕದಿದ್ದರೂ ಗುಣವಾಗುತ್ತದೆ ಅಲ್ವಾ? ನಿಜವಾಗಿ ಬೇಕಾದ ದೊಡ್ಡ ಗಾಜ್, ಅಗಲದ ಕ್ರೇಪ್ ಬ್ಯಾಂಡೇಜ್, ಗ್ಲೌಸ್ ಇವುಗಳಲ್ಲೇ ಜಿಪುಣತನ ಮಾಡಿರುತ್ತಾರೆ. ಹತ್ತಿಯ ಉಂಡೆ ಮಾತ್ರ ಧಾರಾಳ. ತೆರೆದ ಗಾಯದ ಮೇಲೆ ಹತ್ತಿ ಇಟ್ಟರೆ ಎಳೆ ಎಳೆಯಾಗಿ ಅಂಟಿಕೊಂಡು, ಆಮೇಲೆ ಕೀಳುವಾಗ ಪುನಃ ರಕ್ತ.

ಹೊಸ ಸ್ಕೂಟರಿನ ಜೊತೆ ಕೊಡುವ ಸಣ್ಣ ಪೊಟ್ಟಣವನ್ನು ಈ ಸಾಲಿಗೆ ಸೇರಿಸುವುದೇ ಬೇಡ. ಒಮ್ಮೆ ಬಿಚ್ಚಿ ನೋಡಿ, ನಿಮಗೇ ನಗು ಬರುತ್ತದೆ.

ಹಾಗಂತ ರೆಡಿಮೇಡ್ ದಂಡ ಅಲ್ಲ. ಆಸ್ಪತ್ರೆ 15 ನಿಮಿಷದ ದೂರದಲ್ಲಿದ್ದರೆ ನಿಮಗೆ ಬೇಕಾದದ್ದು ಆ 15 ನಿಮಿಷಕ್ಕೆ ಮಾತ್ರ. ಇದು ಸಾಕು, ಮೇಲಿಂದ ಗಾಜ್ ಹತ್ತು ಪ್ಯಾಕೆಟ್ ಸೇರಿಸಿದರೆ.

ಟ್ರೆಕ್ಕಿಂಗ್ ಚೀಲ ಮತ್ತು ಮಿಲಿಟರಿ ಹೆಸರಿನ ಕಿಟ್

ಆನ್‌ಲೈನಿನಲ್ಲಿ ನೋಡಿದರೆ ಆಸೆ ಹುಟ್ಟಿಸುವುದು ಇವು. ಹಸಿರು ಚೀಲ, ಜಿಪ್ಪು, ಒಳಗೆ ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಬೆಳ್ಳಿ ಬಣ್ಣದ ಹೊದಿಕೆ, ಹಾವಿನ ವಿಷ ಹೀರುವ ಪಂಪು. ಎರಡು ಸಾವಿರದಿಂದ ಮೇಲಕ್ಕೆ ಎಷ್ಟೂ ಹೋಗುತ್ತದೆ.

ಮೊದಲು ಆ ಪಂಪಿನ ಮಾತು. ಅದು ಕೆಲಸ ಮಾಡುವುದಿಲ್ಲ. ವಿಷ ಹೊರಗೆ ಬರುವುದಿಲ್ಲ, ಚರ್ಮಕ್ಕೆ ಇನ್ನಷ್ಟು ಗಾಯ, ಮೇಲಿಂದ ಹೊತ್ತು ದಂಡ. ಕೊಯ್ಯುವುದು, ಬಾಯಲ್ಲಿ ಹೀರುವುದು, ಹಗ್ಗ ಬಿಗಿಯುವುದು ಎಲ್ಲವೂ ಅದೇ ಜಾತಿ. ಹಾವು ಕಚ್ಚಿದಾಗ ಮದ್ದು ಒಂದೇ, ಆಸ್ಪತ್ರೆಯ ವಿಷನಿರೋಧಕ ಇಂಜೆಕ್ಷನ್. ನಮ್ಮ ದೇಶದಲ್ಲಿ ಕೊಡುವ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕನ್ನಡಿಹಾವು (ಕೊಳಕುಮಂಡಲ), ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹಾಗಾಗಿ ಹಾವನ್ನು ಹಿಡಿದು, ಕೊಂದು ತೆಗೆದುಕೊಂಡು ಹೋಗುವ ಅಗತ್ಯ ಇಲ್ಲ. ಕಚ್ಚಿದ ಕೈಯ ಉಂಗುರ, ಬಳೆ ತೆಗೆಯಿರಿ. ಕೈಕಾಲನ್ನು ಮುರಿತಕ್ಕೆ ಕಟ್ಟುವ ಹಾಗೆ ಅಲುಗದಂತೆ ಕಟ್ಟಿ. ನಡೆಸಬೇಡಿ. ಜೀಪು ಸಿಗದಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚಿದರೆ ನೋವೇ ಇರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಶುರುವಾದಾಗಲೇ ಗೊತ್ತಾಗುವುದು. ಯಾವ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇರುತ್ತದೆ ಎಂದು ಮಳೆ ಹಿಡಿಯುವ ಮೊದಲೇ ಫೋನ್ ಮಾಡಿ ಕೇಳಿಡಿ. ಇದಕ್ಕೆ ಯಾವ ಕಿಟ್ಟೂ ಬೇಡ.

ಟೂರ್ನಿಕೆ ಬೇರೆ ಮಾತು. ಅದು ನಿಜಕ್ಕೂ ಜೀವ ಉಳಿಸುವ ಪಟ್ಟಿ. ಹುಲ್ಲು ಕಟಾವಿನ ಮೆಷಿನ್ನಿನ ಬ್ಲೇಡ್ ತಾಗಿ, ಮರ ಕೊಯ್ಯುವ ಗರಗಸ ತಾಗಿ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ, ಒತ್ತಿ ಹಿಡಿದರೂ ನಿಲ್ಲದಿದ್ದರೆ, ಆಗ ಮಾತ್ರ ಇದು. ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲುಗಂಟಿನ ಮೇಲೆ ಅಲ್ಲ, ರಕ್ತ ನಿಲ್ಲುವಷ್ಟು ಬಿಗಿದು, ಕಟ್ಟಿದ ಹೊತ್ತು ಬರೆದಿಡಬೇಕು. ಆಮೇಲೆ ಅದನ್ನು ಬಿಚ್ಚುವುದು ಡಾಕ್ಟರ ಕೆಲಸ. ಕಷ್ಟ ಏನೆಂದರೆ, ಅಗ್ಗದ ನಕಲಿಗಳಲ್ಲಿ ಪಟ್ಟಿ ಬಿಗಿಯಲು ತಿರುಗಿಸುವ ಕಡ್ಡಿ ಮುರಿಯುತ್ತದೆ. ಒಳ್ಳೆಯದು ಬೇಕಿದ್ದರೆ ಅದೊಂದಕ್ಕೇ ದುಡ್ಡು ಸುರಿಯಬೇಕು. ಕಲಿತವರು ಮನೆಯಲ್ಲಿದ್ದರೆ ಕೊಳ್ಳಿ. ಕಲಿಯದವರ ಕೈಗೆ ಸಿಕ್ಕಿದರೆ ಸಣ್ಣ ಗಾಯಕ್ಕೂ ಬಿಗಿದು ಬಿಡುತ್ತಾರೆ.

ಹಸಿರು ಚೀಲದಲ್ಲಿ ನನಗೆ ಇಷ್ಟವಾದದ್ದು ಒಂದೇ, ನೀರು ನುಗ್ಗುವುದಿಲ್ಲ.

ನಾವೇ ಕಟ್ಟುವ ಡಬ್ಬಿ

ನನ್ನ ಓಟು ಇದಕ್ಕೆ. ಅಪ್ಪನ ಕೈ ಕೊಯ್ದ ಮೇಲೆ ನಾನು ಮಾಡಿದ್ದೂ ಇದನ್ನೇ. ತಿಂಡಿ ತುಂಬಿಸಿಡುವ, ನಾಲ್ಕೂ ಬದಿ ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬಿ ತಂದೆ. ತಗಡಿನದ್ದು ಬೇಡ, ಎರಡು ಮಳೆಗಾಲಕ್ಕೆ ತುಕ್ಕು. ಎಲ್ಲ ಸೇರಿ 1,100 ಚಿಲ್ಲರೆ ರೂಪಾಯಿ ಆಯಿತು. ಒಂದೇ ದಿನ ಕೊಳ್ಳಬೇಕೆಂದೂ ಇಲ್ಲ. ಪ್ರತಿ ಸಲ ಮೆಡಿಕಲ್ಲಿಗೆ ಹೋದಾಗ ನೂರು ರೂಪಾಯಿಯದ್ದು ತಂದರೂ ಮಳೆಗೆ ಮೊದಲು ಡಬ್ಬಿ ತುಂಬುತ್ತದೆ.

ಡಬ್ಬಿಯ ಒಳಗೆ ಜಿಪ್ ಕವರುಗಳು. ಪ್ರತಿಯೊಂದರ ಮೇಲೆ ಮಾರ್ಕರಿನಲ್ಲಿ ದೊಡ್ಡ ಕನ್ನಡ ಅಕ್ಷರ. ಸಾಮಾನಿನ ಹೆಸರಲ್ಲ, ಆದದ್ದೇನು ಎಂಬುದು: "ರಕ್ತ", "ಮುರಿದದ್ದು", "ಸುಟ್ಟದ್ದು", "ಜ್ವರ-ಭೇದಿ". ಹೆದರಿದ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಒಂದು ಕವರು ಎಳೆದರೆ ಬೇಕಾದದ್ದೆಲ್ಲ ಅದರಲ್ಲೇ ಸಿಗಬೇಕು.

"ರಕ್ತ"ದ ಕವರಿನಲ್ಲಿ ಅಂಗೈಗಿಂತ ದೊಡ್ಡ ಗಾಜ್ 20, ನಾಲ್ಕು ಇಂಚಿನ ರೋಲರ್ ಬ್ಯಾಂಡೇಜ್ ನಾಲ್ಕು, ಗ್ಲೌಸ್ ಎರಡು ಜೊತೆ, ಗಟ್ಟಿ ಕತ್ತರಿ, ಟೇಪು. ಜೊತೆಗೆ ಒಂದು ಚೀಟಿ: "10 ನಿಮಿಷ ಒತ್ತಿ ಹಿಡಿ. ನಡುವೆ ತೆಗೆದು ನೋಡಬೇಡ." ರಕ್ತ ನಿಂತಿತೋ ಅಂತ ನಿಮಿಷಕ್ಕೊಮ್ಮೆ ಎತ್ತಿ ನೋಡುವುದೇ ಎಲ್ಲರೂ ಮಾಡುವ ತಪ್ಪು. ಬಟ್ಟೆ ನೆನೆದರೆ ಮೊದಲಿನದ್ದನ್ನು ಕೀಳದೆ ಮೇಲೆ ಇನ್ನೊಂದಿಟ್ಟು ಇನ್ನೂ ಗಟ್ಟಿಯಾಗಿ ಒತ್ತಬೇಕು. ಕಾಫಿಪುಡಿ, ಅರಸಿನ, ಸುಣ್ಣ ಯಾವುದೂ ಬೇಡ. ಹೊಲಿಗೆ ಹಾಕುವವರು ಮೊದಲು ಅದನ್ನೆಲ್ಲ ತಿಕ್ಕಿ ತೊಳೆಯಬೇಕು, ಆ ನೋವು ಸುಮ್ನೆ ಯಾಕೆ? ಸಣ್ಣ ಗಾಯವಾದರೆ ಕುಡಿಯುವ ನೀರನ್ನೇ ಧಾರೆಯಾಗಿ ಹೊಯ್ದು ತೊಳೆಯುವುದಕ್ಕಿಂತ ದೊಡ್ಡ ಮದ್ದಿಲ್ಲ. ಬೆಟಾಡಿನ್ ಆಮೇಲಿನ ಮಾತು. ಸ್ಪಿರಿಟನ್ನು ಗಾಯದೊಳಗೆ ಹೊಯ್ಯಬೇಡಿ. ಬೆರಳೇ ತುಂಡಾದರೆ, ಆ ತುಂಡನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲಿಟ್ಟು ಕೊಂಡೊಯ್ಯಿರಿ. ಬೆರಳಿಗೆ ನೇರ ಐಸ್ ತಾಗಬಾರದು.

"ಮುರಿದದ್ದು" ಕವರಿಗೆ ದುಡ್ಡೇ ಬೇಡ. ಎರಡು ಕ್ರೇಪ್ ಬ್ಯಾಂಡೇಜ್ ಮಾತ್ರ ಕೊಂಡದ್ದು. ಹಳೆ ಬಿಳಿ ಪಂಚೆಯನ್ನು ಒಂದು ಮೀಟರ್ ಚೌಕಕ್ಕೆ ಹರಿದು ಮೂಲೆಯಿಂದ ಮೂಲೆಗೆ ಕೊಯ್ದರೆ ಕೈ ನೇತುಹಾಕುವ ಎರಡು ಬಟ್ಟೆ ಆಯಿತು. ಮುರಿತಕ್ಕೆ ಆಧಾರವಾಗಿ ಕಟ್ಟುವ ದಬ್ಬೆಗೆ ನಮ್ಮಲ್ಲಿ ಅಡಿಕೆ ಹಾಳೆಗಿಂತ ಒಳ್ಳೆಯದು ಬೇರೆ ಉಂಟಾ? ಒಣ ಹಾಳೆಯನ್ನು ಸ್ವಲ್ಪ ನೆನೆಸಿದರೆ ಕೈಯ ಆಕಾರಕ್ಕೆ ಬಾಗುತ್ತದೆ. ಒಳಗೆ ಬೈರಾಸು ಮಡಚಿಟ್ಟು, ಮುರಿತದ ಮೇಲಿನ ಕೀಲುಗಂಟು, ಕೆಳಗಿನ ಕೀಲುಗಂಟು ಎರಡೂ ಅಲುಗದ ಹಾಗೆ ಸುತ್ತಬೇಕು. ಕಟ್ಟಿದ ಮೇಲೆ ಉಗುರನ್ನು ಒತ್ತಿ ಬಿಡಿ. ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಪುನಃ ಕೆಂಪಾಗಬೇಕು. ಆಗದಿದ್ದರೆ ಬಿಗಿ ಜಾಸ್ತಿಯಾಯಿತು, ಸಡಿಲಿಸಿ. ಅಂಗಳದಲ್ಲಿ ಬಿದ್ದ ನಮ್ಮ ಚಿಕ್ಕಮ್ಮನ ಮಣಿಕಟ್ಟಿಗೆ ನಾನು ಕಟ್ಟಿದ್ದು ಹೀಗೇ. ಮಣಿಪಾಲದವರೆಗೂ ಅವರು ಕೂಗಲಿಲ್ಲ, ರಸ್ತೆಯ ಹೊಂಡಗಳಿಗೆ ಬೈದದ್ದು ಬಿಟ್ಟರೆ.

ಅಡಿಕೆ ಮರದಿಂದ ಬಿದ್ದವರ ವಿಷಯ ಬೇರೆ. ಕೈಕಾಲು ಹಿಡಿದು ಎತ್ತಲೇಬಾರದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಹಾಗೆ ಎತ್ತಿದ್ದರಿಂದಲೇ ಜೀವನಪೂರ್ತಿ ಕಾಲು ಹೋಗಬಹುದು. ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿರುವ ಹಾಗೆ ನಾಲ್ಕು ಜನ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಬೇಕು. ನಮ್ಮಲ್ಲಿ ಹಟ್ಟಿಯ ಹಳೆ ಬಾಗಿಲನ್ನು ಇದಕ್ಕೆಂದೇ ಇಟ್ಟಿದ್ದೇವೆ.

"ಸುಟ್ಟದ್ದು" ಕವರಿನಲ್ಲಿ ಸಾಮಾನು ಕಡಿಮೆ. ಮದ್ದು ಇರುವುದು ನಳ್ಳಿಯಲ್ಲಿ. 20 ನಿಮಿಷ ಹರಿಯುವ ತಣ್ಣೀರು, ಗಡಿಯಾರ ನೋಡಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ತುಪ್ಪ ಬೇಡ. ಆಮೇಲೆ ಅಡಿಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲಾಗಿ ಹಾಸಿ. ಎದ್ದ ನೀರುಗುಳ್ಳೆ ಒಡೆಯಬೇಡಿ.

ಉಳಿದ ಕವರಿನಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್ ಆರು ಪೊಟ್ಟಣ, ಥರ್ಮಾಮೀಟರ್. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಕಟ್ಟಬೇಡಿ.

ಈ ಡಬ್ಬಿಯ ಕೊರತೆ ಏನು? ಕಟ್ಟಲು ಅರ್ಧ ದಿನ ಬೇಕು, ಪ್ರತಿ ವರ್ಷ ಬಿಚ್ಚಿ ನೋಡಬೇಕು. ಅಂಥ ಅಭ್ಯಾಸ ಇಲ್ಲದವರ ಮನೆಯಲ್ಲಿ ಮೂರನೇ ವರ್ಷಕ್ಕೆ ಇದೂ 72 ಸಾಮಾನಿನ ಡಬ್ಬಿಯ ಗತಿಗೇ ಬರುತ್ತದೆ.

ಡಬ್ಬಿಯೇ ಬೇಡ, ದುಡ್ಡು ಬೇರೆ ಕಡೆ ಹಾಕುವುದು

ಇದನ್ನು ಕೇಳಿದಾಗ ಅತ್ತಿಗೆ ನಕ್ಕರು. ಆದರೆ ಪಟ್ಟಿ ಮುಂದಿಟ್ಟು ನೋಡಿ. ನಮ್ಮ ಮನೆಯ ಮೂರು ಬೀಳುವಿಕೆಗೆ ಕಾರಣ ಪಾಚಿ. ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಸಿದ ಮೇಲೆ ಬಿದ್ದವರಿಲ್ಲ. ಗಂಬೂಟ್ ಹಾಕಿದರೆ ತೋಟದಲ್ಲಿ ಹಾವಿನ ಹೆದರಿಕೆ ಅರ್ಧ ಹೋಯಿತು, ಉಂಬುಳದ (ಜಿಗಣೆಯ) ಕಾಟವೂ ಕಡಿಮೆ, ಗದ್ದೆಯ ನೀರಿನಿಂದ ಬರುವ ಇಲಿಜ್ವರಕ್ಕೂ ಅದು ಅಡ್ಡ. ಬೂಟು ಹಾಕುವ ಮೊದಲು ಕವುಚಿ ಕೊಡವಬೇಕು, ಅಷ್ಟೆ. ರಾತ್ರಿ ಬಚ್ಚಲಿಗೆ ಹೋಗಲು ಟಾರ್ಚು. ಮೆಟ್ಟುಕತ್ತಿಯನ್ನು ಕೆಲಸ ಮುಗಿದ ಕೂಡಲೇ ಗೋಡೆಗೆ ಮುಖ ಮಾಡಿ ಇಡುವುದು. ಟಿಟಿ ಇಂಜೆಕ್ಷನ್ ಹತ್ತು ವರ್ಷಕ್ಕೊಮ್ಮೆ, ಯಾವಾಗ ಹಾಕಿಸಿದ್ದು ಎಂದು ಕ್ಯಾಲೆಂಡರಿನ ಹಿಂದೆ ಬರೆದಿಡುವುದು.

ನಾಯಿ ಕಚ್ಚಿದರೆ ಬೇಕಾದದ್ದು ಸೋಪು ಮತ್ತು ನಳ್ಳಿ ನೀರು, 15 ನಿಮಿಷ. ಅದೇ ದಿನ ರೇಬೀಸ್ ಲಸಿಕೆ. ಗೀರಿದ್ದು ಮಾತ್ರ ಅಂತ ಬಿಡಬೇಡಿ. ಡಬ್ಬಿಯಲ್ಲಿ ಇದಕ್ಕೆ ಬದಲಿ ಏನೂ ಇಲ್ಲ.

ಮತ್ತೆ ಕಲಿಯುವುದು. ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆ ಕಲಿಸುತ್ತವೆ. ಹೃದಯ ನಿಂತವರ ಎದೆ ಒತ್ತುವುದನ್ನು (ಸಿಪಿಆರ್) ಓದಿ ಕಲಿಯಲು ಆಗುವುದಿಲ್ಲ. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಅಂತ ಬಾಯಿಪಾಠ ಬರಬಹುದು. ಬೊಂಬೆಯ ಎದೆ ಒತ್ತಿ ನೋಡಿದಾಗ ಮಾತ್ರ ಎಷ್ಟು ಬಲ ಬೇಕು, ಎರಡೇ ನಿಮಿಷಕ್ಕೆ ಹೇಗೆ ಸುಸ್ತಾಗುತ್ತದೆ ಅಂತ ಗೊತ್ತಾಗುವುದು.

ಹಾಗಾದರೆ ಮೂವರಿಗೆ ಏನು ಹೇಳಿದೆ

ಅತ್ತಿಗೆಗೆ ರೆಡಿಮೇಡ್ ಡಬ್ಬಿಯೇ ಸಾಕು ಎಂದೆ. ಅವರ ಅತ್ತೆ ರಕ್ತ ತೆಳುವಾಗುವ ಗುಳಿಗೆ ತಿನ್ನುತ್ತಾರೆ. ಆದ್ದರಿಂದ ಗಾಜ್ ಜಾಸ್ತಿ ಇರಲಿ. ಉಳಿದ ದುಡ್ಡಿಗೆ ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಸರಳು ಹಾಕಿಸಿ. ಆ ಗುಳಿಗೆ ತಿನ್ನುವವರು ತಲೆ ತಾಗಿ ಬಿದ್ದರೆ, ಹೊರಗೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಗುಳಿಗೆಗಳ ಹೆಸರು ಬರೆದ ಚೀಟಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಎಂದೆ. ಅವರು ಅದರ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದರು, ಅದು ನನಗೆ ಹೊಳೆದಿರಲಿಲ್ಲ.

ಹೋಮ್‌ಸ್ಟೇ ಗೆಳೆಯನಿಗೆ ನಾವೇ ಕಟ್ಟುವ ಡಬ್ಬಿ, ಅದೂ ಎರಡು. ಒಂದು ಮನೆಗೆ, ಒಂದು ಜಲಪಾತಕ್ಕೆ ಕರೆದೊಯ್ಯುವ ಹುಡುಗನ ಬೆನ್ನಿನ ಚೀಲಕ್ಕೆ. ಆ ಹುಡುಗನನ್ನು ತರಬೇತಿಗೆ ಕಳಿಸಲು ಒಪ್ಪಿದರೆ ಒಂದು ಒಳ್ಳೆಯ ಟೂರ್ನಿಕೆಯನ್ನೂ ತೆಗೆದುಕೊಳ್ಳಲಿ. ಗೆಳೆಯ ಆಗಲೇ ವಿಷ ಹೀರುವ ಪಂಪು ಆರ್ಡರ್ ಮಾಡಿದ್ದ. ವಾಪಸು ಮಾಡಿಸಿದೆ. ಉಂಬುಳಕ್ಕೆ ಉಪ್ಪು ಇಡು, ಕಚ್ಚಿದ ಜಾಗದ ರಕ್ತ ತುಂಬಾ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ ಎಂದು ಬೆಂಗಳೂರಿನ ಗಿರಾಕಿಗಳಿಗೆ ಮೊದಲೇ ಹೇಳಿಬಿಡು ಎಂದೆ.

ತಾಂಡೇಲರ ಲೆಕ್ಕ ಎಲ್ಲರಿಗಿಂತ ಗಟ್ಟಿ. ಆಳಸಮುದ್ರಕ್ಕೆ ಹೋದರೆ ಹತ್ತು ದಿನ. ತಿರುಗಿ ಬರಲು ಒಂದು ದಿನಕ್ಕೂ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಆ 61 ದಿನದಲ್ಲೇ ತಯಾರಿ ಆಗಬೇಕು. ಅವರಿಗೂ ನಾವೇ ಕಟ್ಟುವುದೇ, ಆದರೆ ಎಲ್ಲವೂ ಮೂರು ಪಟ್ಟು, ಬಾಯಿಗೆ ತಿರುಪು ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಗುಳಿಗೆಗಳನ್ನು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ ಎಂದೆ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಬಿಸಿನೀರಲ್ಲಿ ಕಾಲು ಇಡುದು. ನಮ್ಮ ಅಪ್ಪನ ಕಾಲದಿಂದಲೂ ಅದೇ" ಎಂದರು. ಸರಿಯೇ. ಆ ವಿಷ ಬಿಸಿಗೆ ಮುರಿಯುತ್ತದೆ. ನೀರು ತಡೆಯುವಷ್ಟು ಮಾತ್ರ ಬಿಸಿ ಇರಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಕಾಲಿಗೆ ನೋವಿನಲ್ಲಿ ಬಿಸಿ ಗೊತ್ತಾಗುವುದಿಲ್ಲ, ಬೇರೆಯವರು ಕೈ ಹಾಕಿ ನೋಡಬೇಕು. ಮುಳ್ಳು ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಮಾತ್ರ ಕೀಳಬಾರದು. ಹಾಗೇ ಅಲುಗದಂತೆ ಕಟ್ಟಿ, ಬೋಟಿನ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಿರಿ. ದಡದ ಹತ್ತಿರ ಫೋನ್ ಸಿಕ್ಕಿದರೆ ಕೋಸ್ಟ್‌ಗಾರ್ಡಿನ ಸಂಖ್ಯೆ 1554.

ಅವರು ಆ ಎರಡೂ ಸಂಖ್ಯೆಯನ್ನು ಮಾರ್ಕರಿನಲ್ಲಿ ಡ್ರಮ್ಮಿನ ಮುಚ್ಚಳದ ಮೇಲೆ ಬರೆದರು. ಉಪ್ಪುನೀರಿಗೆ ಅಳಿಸುತ್ತದಲ್ಲ ಎಂದೆ. ಬೋಟಿಗೆ ಹೊಡೆಯುವ ಪೇಂಟು ತರಲು ಹುಡುಗನನ್ನು ಕಳಿಸಿದರು.